ತಳ್ಳಿದರೆ ಲಾಭವಿಲ್ಲದ ಆಟ

2012ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂದ ‘ಜರ್ನಿ’ ಹೆಚ್ಚುಕಮ್ಮಿ ಎರಡು ಗಂಟೆಯಲ್ಲಿ ಮುಗಿಯುವ ವಿಡಿಯೋ ಗೇಮ್. ಕೆಂಪು ನಿಲುವಂಗಿಯ ಯಾತ್ರಿಯೊಬ್ಬರು ಮರಳುಗಾಡು ದಾಟಿ ದೂರದ ಬೆಟ್ಟದ ತುದಿ ಮುಟ್ಟಬೇಕು. ದಾರಿಯಲ್ಲಿ ಇನ್ನೊಬ್ಬ ಯಾತ್ರಿ ಎದುರಾಗುತ್ತಾರೆ. ಆ ಯಾತ್ರಿಯನ್ನು ಆಡಿಸುತ್ತಿರುವವರು ಎಲ್ಲೋ ಕೂತಿರುವ, ನಮಗೆ ಪರಿಚಯವಿಲ್ಲದ ಮನುಷ್ಯರು. ಆಡುವಾಗ ಹೆಸರು ಕಾಣುವುದಿಲ್ಲ, ಮಾತಿಗೆ ಅವಕಾಶವಿಲ್ಲ. ಗುಂಡಿ ಒತ್ತಿದರೆ ಒಂದು ಸಣ್ಣ ನಾದ ಹೊರಡುತ್ತದೆ, ಅಷ್ಟೇ.

ಗೇಮ್ ಥಿಯರಿ ಬಲ್ಲವರಿಗೆ ಇದು ಸಹಕಾರ ಹುಟ್ಟುವ ಜಾಗವೆಂದು ತೋರುವುದಿಲ್ಲ. ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್, ಸಹಕರಿಸಬೇಕೋ ಮೋಸ ಮಾಡಬೇಕೋ ಎಂದು ಇಬ್ಬರೂ ಆರಿಸಬೇಕಾದ ‘ಕೈದಿಗಳ ಇಕ್ಕಟ್ಟ’ನ್ನು ಮತ್ತೆ ಮತ್ತೆ ಆಡುವ ಕಂಪ್ಯೂಟರ್ ಪಂದ್ಯ ಏರ್ಪಡಿಸಿದಾಗ ಗೆದ್ದದ್ದು ಅನಟೋಲ್ ರಪೊಪೋರ್ಟ್ ಕಳಿಸಿದ್ದ ‘ಟಿಟ್ ಫಾರ್ ಟ್ಯಾಟ್’: ಮೊದಲು ಸಹಕರಿಸು, ಆಮೇಲೆ ಎದುರಿನವರು ಮಾಡಿದ್ದನ್ನೇ ಮಾಡು. ನಾಳೆಯೂ ಅದೇ ಮುಖ ನೋಡಬೇಕಾದಲ್ಲಿ ಮಾತ್ರ ಈ ತಂತ್ರ ಫಲಿಸುತ್ತದೆ. ಜರ್ನಿಯಲ್ಲಿ ಕಳೆದುಹೋದ ಜೊತೆಗಾರರು ಮತ್ತೆ ಸಿಗುವ ಭರವಸೆಯಿಲ್ಲ. ಸೇಡಿಗೆ ಆಸ್ಪದವಿಲ್ಲ, ಹೆಸರು ಕೆಡುವ ಅಂಜಿಕೆಯೂ ಇಲ್ಲ. ಆದರೂ ಹಿಂದೆ ಬಿದ್ದವರಿಗಾಗಿ ಕಾಯುವ, ಮೂಲೆಯಲ್ಲಿ ಹೊಳೆಯುವ ಚಿಹ್ನೆಯನ್ನು ನಾದ ಮಾಡಿ ತೋರಿಸುವ ಆಟಗಾರರು ಇಲ್ಲಿ ಸಿಗುತ್ತಾರೆ.

ಇದರ ಗುಟ್ಟು ನಿಯಮಗಳಲ್ಲಿದೆ. ಆಟದ ಮೊದಲ ಮಾದರಿಗಳಲ್ಲಿ ಯಾತ್ರಿಗಳು ಒಬ್ಬರನ್ನೊಬ್ಬರು ತಳ್ಳಬಹುದಿತ್ತು ಎಂದು ನಿರ್ದೇಶಕ ಜೆನೋವಾ ಚೆನ್ ಹೇಳಿಕೊಂಡಿದ್ದಾರೆ. ನೆರವಿಗೆಂದು ಇಟ್ಟಿದ್ದ ಈ ಸೌಲಭ್ಯವನ್ನು ಆಟಗಾರರು ಜೊತೆಗಾರರನ್ನು ಹೊಂಡಕ್ಕೆ ನೂಕಲು ಬಳಸಿದರು. ತಂಡದವರು ಬುದ್ಧಿವಾದ ಹೇಳುವ ಗೋಜಿಗೆ ಹೋಗದೆ ತಳ್ಳುವ ಶಕ್ತಿಯನ್ನೇ ಕಿತ್ತುಹಾಕಿದರು. ಯಾತ್ರಿಗೆ ಹಾರುವ ಬಲ ಕೊಡುವ ಶಾಲನ್ನು ಉದ್ದವಾಗಿಸುವ ಚಿಹ್ನೆಯನ್ನು ಒಬ್ಬರು ತೆಗೆದುಕೊಂಡರೂ ಇನ್ನೊಬ್ಬರ ಪಾಲು ಹಾಗೇ ಉಳಿಯುತ್ತದೆ. ಇಬ್ಬರ ಮೈ ತಾಗಿದರೆ ಇಬ್ಬರ ಶಾಲೂ ಬೆಳಗಿ ಹಾರುವ ಬಲ ತುಂಬಿಕೊಳ್ಳುತ್ತದೆ. ಹಿಮದ ಬೆಟ್ಟದಲ್ಲಿ ಚಳಿಗೆ ಆ ಬಲ ಸೋರುವಾಗ ಅಪರಿಚಿತರಿಬ್ಬರು ಒತ್ತಿಕೊಂಡು ನಡೆಯುವುದನ್ನು ನೋಡಬೇಕು. ಸ್ವಾರ್ಥವೂ ಸ್ನೇಹವೂ ಅಲ್ಲಿ ಒಂದೇ ಹೆಜ್ಜೆ ಇಡಿಸುತ್ತವೆ. ವಿಡಿಯೋ ಗೇಮ್‌ಗಳಲ್ಲಿ ನಾನು ಕಂಡ ಅತ್ಯಂತ ಮಾನವೀಯ ಲೆಕ್ಕಾಚಾರ ಇದು.

ಆದರೆ ಇದನ್ನು ಸ್ಪರ್ಧೆ ಮತ್ತು ಸಹಕಾರದ ಸಮತೋಲ ಎನ್ನಲಾರೆ. ಜರ್ನಿ ಸ್ಪರ್ಧೆಯನ್ನು ಪಳಗಿಸುವ ಬದಲು ಹೊರಗಟ್ಟಿದೆ. ಮೋಸಕ್ಕೆ ದಾರಿಯೇ ಇಲ್ಲದ ಕಡೆ ನಂಬಿಕೆಗೆ ಪರೀಕ್ಷೆ ಎಲ್ಲಿ? ನಿಕಿ ಕೇಸ್ 2017ರಲ್ಲಿ ರೂಪಿಸಿದ ‘ದಿ ಎವಲ್ಯೂಷನ್ ಆಫ್ ಟ್ರಸ್ಟ್’ ಆ ಪರೀಕ್ಷೆಯನ್ನೇ ಆಟವಾಗಿಸಿತು. ಯಂತ್ರಕ್ಕೆ ನೀವು ಒಂದು ನಾಣ್ಯ ಹಾಕಿದರೆ ಎದುರಿನವರಿಗೆ ಮೂರು ಸಿಗುತ್ತವೆ. ಹಾಕದೆ ಕೂತವರಿಗೆ ಪುಕ್ಕಟೆ ಲಾಭ. ಕೈ ಹಿಂಜರಿಯುವ ಆ ಕ್ಷಣ ಜರ್ನಿಯಲ್ಲಿಲ್ಲ. ಕೇಸ್ ಅವರ ಆಟದಲ್ಲಾದರೋ ಎದುರಿಗಿರುವುದು ಬರೀ ಕಂಪ್ಯೂಟರ್ ಪಾತ್ರ, ಮೋಸ ಹೋದರೂ ನೋವಾಗುವುದಿಲ್ಲ.

ಪೈಪೋಟಿಯ ಕಾವು ಬಯಸುವವರಿಗೆ ಜರ್ನಿ ಸಪ್ಪೆ ಎನಿಸಬಹುದು. ಆದರೆ ಆನ್‌ಲೈನ್ ಆಟಗಳ ಜಗಳಕ್ಕೆಲ್ಲ ಆಟಗಾರರ ಸ್ವಭಾವವನ್ನೇ ದೂರುವ ವಿನ್ಯಾಸಕಾರರು ಇದನ್ನೊಮ್ಮೆ ಆಡಲಿ. ತಮ್ಮ ನಿಯಮಗಳು ಯಾವ ನಡತೆಗೆ ಅಂಕ ಕೊಡುತ್ತಿವೆ ಎಂದು ಆಮೇಲೆ ಲೆಕ್ಕ ಹಾಕಲಿ.