ಬೇಟೆಯ ಕಥನದಲ್ಲಿ ಕರಡಿ: ವಿನೋದ, ವ್ಯಸನ, ರಕ್ಷೆ

ಕನ್ನಡದ ಬೇಟೆಯ ಕಥನಗಳನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಸಾಹಸ, ನಿಸರ್ಗಪ್ರೀತಿ ಎಂಬ ಎರಡು ಮಾತುಗಳಲ್ಲಿ ಮುಗಿದುಹೋಗುತ್ತದೆ. ಹುಲಿಯ ಕಥೆಗೆ ಈ ಮಾತುಗಳು ಹೇಗೋ ಹೊಂದಿಯಾವು. ಕರಡಿಯ ಕಥೆಗೆ ಹೊಂದುವುದಿಲ್ಲ. ಈ ತೊಡಕನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ನಮ್ಮ ಮಧ್ಯಕಾಲೀನ ಪರಂಪರೆ ಬೇಟೆಯನ್ನು ಒಂದೇ ಹೆಸರಿನಿಂದ ಕರೆಯಲಿಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಅದು ಅರಸನ ವಿನೋದ. ಜೈನ ಪರಂಪರೆಯಲ್ಲಿ ಸಪ್ತವ್ಯಸನಗಳಲ್ಲೊಂದು. ರಾಘವಾಂಕನ 'ಹರಿಶ್ಚಂದ್ರಕಾವ್ಯ'ದಲ್ಲಿ ಮೂರನೆಯ ಅರ್ಥವೊಂದು ಸೇರುತ್ತದೆ: ರಕ್ಷೆ. ಬೆಳೆ ಹಾಳಾಗುತ್ತಿದೆಯೆಂಬ ಪ್ರಜೆಗಳ ಮೊರೆ ಕೇಳಿ ದೊರೆ ಕಾಡಿಗೆ ಹೊರಡುತ್ತಾನೆ. ಆದರೆ ಆ ಮೃಗಗಳು ವಿಶ್ವಾಮಿತ್ರನ ಸೃಷ್ಟಿ. ಹಂದಿಯ ಬೆನ್ನಟ್ಟಿದವನು ಹೋಗಬಾರದೆಂದು ಗುರು ಎಚ್ಚರಿಸಿದ್ದ ಆಶ್ರಮವನ್ನೇ ಹೊಗುತ್ತಾನೆ. ರಕ್ಷೆಯ ಹೆಸರಿನಲ್ಲಿ ಮೊದಲಾದ ಬೇಟೆ ಬೆನ್ನಟ್ಟುವ ಹುರುಪಿಗೆ ತಿರುಗುವ ಬಗೆಯನ್ನು ಕವಿ ಆಗಲೇ ಶಂಕಿಸಿದ್ದಾನೆ.

ಈ ಶಂಕೆಯೊಡನೆ ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರನ್ನು (1910–1974) ಓದಬೇಕೆಂಬುದು ನಮ್ಮ ಸೂಚನೆ. ಅರಸೀಕೆರೆಯ ಸುತ್ತಿನ ಕರಡಿಯ ಕಥೆಯಲ್ಲಿ, ಅವರ ಲೆಕ್ಕದಂತೆ, ಹನ್ನೆರಡು ಮಂದಿ ಸತ್ತು ಅದರ ಇಮ್ಮಡಿ ಜನ ಗಾಯಗೊಂಡಿದ್ದರು. ಸತ್ತವರಲ್ಲಿ ಪರಿಚಿತನೊಬ್ಬನ ಮಗನೂ ಇದ್ದುದರಿಂದ ಅಲ್ಲಿ ರಕ್ಷೆಯ ಹಂಗು ನಿಜವಾದದ್ದು. ಆದರೆ ಕರಡಿಯ ಕ್ರೌರ್ಯಕ್ಕೆ ಊರವರು ಹೇಳುವ ಕಾರಣಗಳು ಸೇಡಿನ ಕಥೆಗಳಾಗುತ್ತವೆ. ಕರಡಿ ಮುಖ್ಯವಾಗಿ ಗೆದ್ದಲು, ಇರುವೆ, ಜೇನು, ಹಣ್ಣುಗಳನ್ನು ತಿಂದು ಬದುಕುವ ಪ್ರಾಣಿ. ಅದರ ದೃಷ್ಟಿ ಮಂದ. ಹತ್ತಿರದಲ್ಲಿ ಥಟ್ಟನೆ ಎದುರಾದ ಮನುಷ್ಯನ ಮೇಲೆ ಅದು ಬೀಳುವುದು ಬಹುತೇಕ ಭಯದಿಂದ. ಅದಕ್ಕೆ ಸಿಕ್ಕುವವರು ಬಹುಪಾಲು ಸೌದೆಗೋ ಬಯಲುಕಡೆಗೋ ಹೊಲದ ಕಾವಲಿಗೋ ಹೋದವರು, ಕೋವಿ ಹಿಡಿದವರಲ್ಲ. ಹುಲಿಗೆ ಸಲ್ಲುವ ರಾಜಗೌರವ ಈ ಕಥನಗಳಲ್ಲಿ ಕರಡಿಗೆ ಸಲ್ಲುವುದಿಲ್ಲ. ಅದು ಒಮ್ಮೆ ಹಾಸ್ಯದ ವಸ್ತು, ಒಮ್ಮೆ ರಾಕ್ಷಸ.

ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕತೆಗಳು' ಮಾಲೆಯ ನಾಲ್ಕು ಭಾಗಗಳಲ್ಲಿ ಆಂಡರ್ಸನ್ನರನ್ನು ಕನ್ನಡಕ್ಕೆ ತಂದರು. ಹಳ್ಳಿಗರು ಆಡಿದ ಮಾತು ಇಂಗ್ಲಿಷಿಗೆ ಹೋಗಿ ಮತ್ತೆ ಕನ್ನಡಕ್ಕೆ ಮರಳಿತು. ಈ ಮರಳುವಿಕೆಯಲ್ಲಿ ಭಾಷೆ ಹಳ್ಳಿಯದಾಯಿತು. ನೋಟ ಮಾತ್ರ ಬೇಟೆಗಾರನದಾಗಿಯೇ ಉಳಿಯಿತು. ಇದನ್ನು ಅನುವಾದದ ದೋಷವೆನ್ನಲಾಗದು. ಮೂಲದ ಕೋವಿ ಎಲ್ಲಿದೆಯೋ ನಿರೂಪಕನೂ ಅಲ್ಲೇ ನಿಂತಿದ್ದಾನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದಕ್ಕೆ 1991ರಲ್ಲಿ ಆದ ತಿದ್ದುಪಡಿ ವಿನೋದದ ಬೇಟೆಯನ್ನು ಕೊನೆಗಾಣಿಸಿದವು. 1994ರಲ್ಲಿ ದರೋಜಿಯಲ್ಲಿ ಕರಡಿಧಾಮವಾಯಿತು. ಆದರೂ ಕಾಡಂಚಿನಲ್ಲಿ ಮನುಷ್ಯ, ಕರಡಿಗಳ ಮುಖಾಮುಖಿ ನಿಂತಿಲ್ಲ. ಅದನ್ನು ಹೇಳಲು ನಮ್ಮಲ್ಲಿ ಉಳಿದಿರುವುದು ಇನ್ನೂ ಬೇಟೆಗಾರನ ನುಡಿಗಟ್ಟೇ.

ಹೊರನಾಡಿನ ಸಂಶೋಧಕರು ಇಲ್ಲಿ ಮಾಡಬಹುದಾದ ಕೆಲಸವಿದೆ. ಆಂಡರ್ಸನ್ ಅಲೆದ ಕಾಡುಗಳ ಒಂದು ಪಾಲು ಇಂದಿನ ತಮಿಳುನಾಡಿನಲ್ಲಿದೆ. ತಾಳವಾಡಿ, ದೇಂಕಣಿಕೋಟೆ ಕಡೆಯ ಹಳ್ಳಿಗಳಲ್ಲಿ ಕನ್ನಡ ಮನೆಮಾತಾದವರು ಹಲವರು. ಕರಡಿಗೆ ಎದುರಾಗಿ ಬದುಕಿ ಬಂದವರ ಮಾತನ್ನು ಅವರ ಬಾಯಿಂದಲೇ ಸಂಗ್ರಹಿಸಿ ಅಚ್ಚಿನ ಕಥನಗಳ ಪಕ್ಕದಲ್ಲಿಟ್ಟು ಓದಬೇಕು. ರಕ್ಷೆ ಎಲ್ಲಿ ಮುಗಿಯಿತು, ವಿನೋದ ಎಲ್ಲಿ ಮೊದಲಾಯಿತು ಎಂಬುದನ್ನು ಕೋವಿ ಹಿಡಿದವನೊಬ್ಬನೇ ನಿರ್ಣಯಿಸಲಾರ.