ಬಾಯಿ ಬಿಡದ ಸೆಟ್ಟಿಂಗು

ಶಿರಾ ತಾಲ್ಲೂಕಿನ ಬರಗೂರು ಎಂಬ ಹೆಸರು ಕನ್ನಡ ಲಿಪಿಯಲ್ಲಿ 6 ಯೂನಿಕೋಡ್ ಸಂಕೇತ, ಯುಟಿಎಫ್-8ರಲ್ಲಿ 18 ಬೈಟು. ಪೈಥಾನ್ 3.6ರ ಕಾಲದವರೆಗೂ ಲಿನಕ್ಸ್ ಸರ್ವರಿನಲ್ಲಿ 'ಲ್ಯಾಂಗ್' ಮುಂತಾದ ಭಾಷೆಯ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಖಾಲಿ ಇದ್ದರೆ, ಎನ್‌ಕೋಡಿಂಗ್ ತಿಳಿಸದೆ ಈ ಹೆಸರನ್ನು ಫೈಲಿಗೆ ಬರೆಯಹೊರಟ, ಪೈಥಾನಿನ ವೆಬ್ ಫ್ರೇಮ್‌ವರ್ಕಾದ ಜಾಂಗೋದ ಆ್ಯಪ್ ಅಲ್ಲೇ ಮುಗ್ಗರಿಸುತ್ತಿತ್ತು. ಆ ಯಂತ್ರದ ಪಾಲಿಗೆ ಆಸ್ಕಿಯ 128 ಚಿಹ್ನೆಗಳಾಚೆ ಅಕ್ಷರವೇ ಇಲ್ಲ. ಅದೇ ಕೋಡು ಬರೆದವರ ಲ್ಯಾಪ್‌ಟಾಪಿನಲ್ಲಿ ಸರಾಗ. 2018ರಲ್ಲಿ ಬಂದ 3.7 ಆವೃತ್ತಿ ಇಂಥ ಕಡೆ ತಾನಾಗಿ ಯುಟಿಎಫ್-8ಕ್ಕೆ ಹೊರಳತೊಡಗಿದ ಮೇಲೆ ಕಾಟ ಬಹುಪಾಲು ತಪ್ಪಿತು.

1979ರ ಯೂನಿಕ್ಸ್ 7ನೇ ಆವೃತ್ತಿಯಿಂದ ಬಂದ, ಕೋಡಿನ ಹೊರಗಿನಿಂದ ಸೆಟ್ಟಿಂಗ್ ಕೊಡುವ ಈ ಎನ್ವಿರಾನ್‌ಮೆಂಟ್ ವೇರಿಯಬಲ್ ವ್ಯವಸ್ಥೆಯನ್ನು ವೆಬ್ ಲೋಕದ ಶಿಸ್ತಾಗಿಸಿದ್ದು ಹೆರೋಕು ಕಂಪನಿಯ ಆ್ಯಡಮ್ ವಿಗ್ಗಿನ್ಸ್ 2011ರಲ್ಲಿ ಮುಂದಿಟ್ಟ 'ಟ್ವೆಲ್ವ್-ಫ್ಯಾಕ್ಟರ್' ಸೂತ್ರಗಳು. ಕೋಡನ್ನು ಈ ಗಳಿಗೆಯಲ್ಲೇ ಲೋಕಕ್ಕೆ ತೆರೆದಿಟ್ಟರೂ ಒಂದು ಪಾಸ್‌ವರ್ಡೂ ಹೊರಬೀಳಬಾರದು ಎಂಬುದು ಅಲ್ಲಿನ ಪರೀಕ್ಷೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. 2016ರಲ್ಲಿ ಊಬರ್‌ನ 5.7 ಕೋಟಿ ಜನರ ಮಾಹಿತಿ ಕಳುವಾದದ್ದು ಗಿಟ್‌ಹಬ್‌ನ ಖಾಸಗಿ ಸಂಗ್ರಹದಲ್ಲಿ ಉಳಿದಿದ್ದ ಕೀಲಿಗಳಿಂದ.

ನನ್ನ ತಕರಾರು ಬೇರೆ. ವೇರಿಯಬಲ್ಲಿನ ಬೆಲೆ ಏನಿದ್ದರೂ ಬರಿಯ ಅಕ್ಷರಗಳ ಸಾಲು. ದೋಷದ ವಿವರ ತೋರಿಸುವ 'ಡೀಬಗ್' ಸೆಟ್ಟಿಂಗಿಗೆ 'ಫಾಲ್ಸ್' ಎಂದು ಬರೆದು ಹಾಗೇ ಓದಿಸಿದರೆ, ಖಾಲಿಯಲ್ಲದ ಸಾಲೆಲ್ಲ ಪೈಥಾನಿಗೆ 'ಟ್ರೂ'. ದೋಷಪುಟ ತನ್ನ ಒಳಗುಟ್ಟುಗಳೊಂದಿಗೆ ಬಳಕೆದಾರರ ಮುಂದೆ ತೆರೆದುಕೊಳ್ಳುತ್ತದೆ, ಯಾರೂ ಎಚ್ಚರಿಸುವುದಿಲ್ಲ. ಪಿಎಚ್‌ಪಿಯ ಫ್ರೇಮ್‌ವರ್ಕಾದ ಲಾರವೆಲ್‌ನಲ್ಲಿ ಕಾನ್ಫಿಗ್ ಕ್ಯಾಶ್ ಮಾಡಿದ ಮೇಲೆ, ವೇರಿಯಬಲ್‌ಗಳನ್ನು ಬರೆದಿಡುವ ಡಾಟ್‌ಎನ್ವ್ ಫೈಲನ್ನು ಓದುವುದೇ ಇಲ್ಲ. ಆ ಫೈಲಿನಲ್ಲಷ್ಟೇ ಇರುವ ಬೆಲೆಗಾಗಿ ಕಾನ್ಫಿಗ್ ಫೈಲುಗಳ ಹೊರಗೆ 'ಎನ್ವ್' ಫಂಕ್ಷನ್ ಕರೆದವರ ಕೈಗೆ ಸಿಗುವುದು ಬರಿಯ 'ನಲ್'. ಹೀಗೆ ಮೌನವಾಗಿ ನಡೆದುಬಿಡುವ ತಪ್ಪು, ನಿಂತುಹೋಗುವ ಆ್ಯಪಿಗಿಂತ ಕೆಟ್ಟದ್ದು.

ಜಾಂಗೋ ಒಂದು ಕಡೆ ಸರಿಯಾಗಿ ನಡೆದುಕೊಂಡಿದೆ: 'ಸೀಕ್ರೆಟ್ ಕೀ' ಖಾಲಿಯಿದ್ದರೆ ಮುಂದುವರಿಯಲು ಒಪ್ಪುವುದೇ ಇಲ್ಲ. ಡೇಟಾಬೇಸಿನ ವಿಳಾಸಕ್ಕೂ, ಡೀಬಗ್‌ಗೂ ಅದೇ ನಿಷ್ಠುರತೆ ಏಕಿಲ್ಲ? ಮಧುಗಿರಿ, ಕೊರಟಗೆರೆ, ಪಾವಗಡದಿಂದ ತುಮಕೂರಿಗೋ ಬೆಂಗಳೂರಿಗೋ ಹೋಗಿ ಈ ಕೆಲಸ ಕಲಿಯುವ ಹುಡುಗ ಹುಡುಗಿಯರಿಗೆ, ಬೆಲೆ ಸಿಗದಿದ್ದರೆ ಯಾವುದಾದರೊಂದು ಡೀಫಾಲ್ಟ್ ಹಾಕಿಬಿಡಿ ಎಂದು ಹೇಳಿಕೊಡುವ ಪಾಠಗಳೇ ಹೆಚ್ಚು ಎದುರಾಗುತ್ತವೆ. ಅವರಿಗೆ ಮೊದಲು ಕಲಿಸಬೇಕಾದ್ದು ಇದು: ಬೇಕಾದ ವೇರಿಯಬಲ್‌ಗಳ ಹೆಸರನ್ನಷ್ಟೇ ಒಂದು ಮಾದರಿ ಫೈಲಿನಲ್ಲಿ ಗಿಟ್‌ಗೆ ಸೇರಿಸಿ, ನಿಜವಾದ ಡಾಟ್‌ಎನ್ವ್ ಅನ್ನು ಗಿಟ್‌ಇಗ್ನೋರ್‌ಗೆ ಹಾಕಿ, ಆ್ಯಪ್ ಏಳುವಾಗಲೇ ಪ್ರತಿಯೊಂದು ಬೆಲೆಯನ್ನೂ ಅದರ ಬಗೆಯನ್ನೂ ತಪಾಸಣೆ ಮಾಡಿಸಿ, ಒಂದು ತಪ್ಪಿದ್ದರೂ ಅದರ ಹೆಸರು ಹೇಳಿಯೇ ಆ್ಯಪ್ ನಿಲ್ಲಲಿ.