ಮುಸ್ಸಂಜೆಯ ಬಣ್ಣ ಹಿಡಿದವರು: ರಷ್ಯದ ಫ್ಲಾಕ್ಸ್ ಪರಂಪರೆ

ಬ್ರಿಟನ್ ಮತ್ತು ಜರ್ಮನಿಯ ನರ್ಸರಿಗಳಲ್ಲಿ ಇಂದಿಗೂ ತನ್ನ ರಷ್ಯನ್ ಹೆಸರಿನಲ್ಲೇ ಮಾರಾಟವಾಗುವ ಒಂದು ಫ್ಲಾಕ್ಸ್ ಇದೆ. ಹೆಸರು 'ಉಸ್ಪೆಖ್'. ಕಡುನೇರಳೆ ಎಸಳುಗಳು, ನಡುವೆ ದೊಡ್ಡ ಬಿಳಿ ನಕ್ಷತ್ರ, ಎರಡು ಅಡಿಯ ಆಸುಪಾಸಿನ ಗಟ್ಟಿಮುಟ್ಟಾದ ಗಿಡ. ರಷ್ಯದ ತಳಿಗಾರ ಪಾವೆಲ್ ಗಗಾನೊವ್ ಇದನ್ನು ಹೊರತಂದದ್ದು 1937ರಲ್ಲಿ. ಅದರ ಮರುವರ್ಷವೇ ಅವರು 'ನೊವಿಂಕಾ' ಮತ್ತು 'ದಿಮ್ಚಾತಿ ಕೊರಾಲ್' ಎಂಬ ಇನ್ನೆರಡು ತಳಿಗಳನ್ನು ಕೊಟ್ಟರು. ರಷ್ಯದ ಫ್ಲಾಕ್ಸ್ ಪರಂಪರೆಯ ಎಲ್ಲ ಮುಖ್ಯ ಗುಣಗಳೂ ಈ ಮೂರು ಗಿಡಗಳಲ್ಲೇ ಇವೆ. ಮುಂದಿನ ಎಂಟು ದಶಕಗಳಲ್ಲಿ ಬಂದ ನೂರಾರು ತಳಿಗಳಲ್ಲಿ ಎಷ್ಟು ಇವುಗಳ ಪಕ್ಕದಲ್ಲಿ ನಿಲ್ಲಬಲ್ಲವು ಎಂಬುದೇ ಈ ಲೇಖನದ ಪ್ರಶ್ನೆ.

ಫ್ಲಾಕ್ಸ್ ಎಂದರೆ ನಮ್ಮಲ್ಲಿ ನೆನಪಾಗುವುದು ಚಳಿಗಾಲದಲ್ಲಿ ಬೆಂಗಳೂರಿನ ಪಾತಿಗಳಲ್ಲಿ ಅರಳಿ, ಬಿಸಿಲೇರಿದಂತೆ ಒಣಗಿಹೋಗುವ ಪುಟ್ಟ ಗಿಡ. ಅದು ಟೆಕ್ಸಾಸ್ ಮೂಲದ ಒಂದೇ ಋತುವಿನ ಜಾತಿ. ಇಲ್ಲಿ ಹೇಳುತ್ತಿರುವುದು ಫ್ಲಾಕ್ಸ್ ಪ್ಯಾನಿಕ್ಯುಲೇಟಾ ಎಂಬ ಬಹುವಾರ್ಷಿಕದ ಮಾತು. ಉತ್ತರ ಅಮೆರಿಕದ ಪೂರ್ವಭಾಗದ ಈ ಗಿಡದ ಕಾಂಡ ಶರತ್ಕಾಲದ ಕೊನೆಗೆ ಸಾಯುತ್ತದೆ. ಬುಡ ಮಾತ್ರ ಹಿಮದಡಿ ಮಲಗಿದ್ದು ವಸಂತದಲ್ಲಿ ಮತ್ತೆ ಚಿಗುರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಬಂದ ಈ ಗಿಡವನ್ನು ಮುಂದೆ ತಿದ್ದಿದವರು ನಾನ್ಸಿಯ ಲೆಮ್ವಾನ್, ಸ್ಟುಟ್‌ಗಾರ್ಟಿನ ಫಿಟ್ಸರ್, ಪಾಟ್ಸ್‌ಡಾಮ್ ಬಳಿಯ ಕಾರ್ಲ್ ಫೋರ್ಸ್ಟರ್ ಮುಂತಾದವರು. ಇವರೆಲ್ಲ ವೃತ್ತಿಪರ ನರ್ಸರಿಯವರು. ರಷ್ಯದ ಕಥೆ ಬೇರೆಯಾಗುವುದು ಇಲ್ಲಿಯೇ.

1917ರ ಕ್ರಾಂತಿಯ ನಂತರ ಅಲ್ಲಿ ಖಾಸಗಿ ನರ್ಸರಿಗಳು ಕಾಲಕ್ರಮೇಣ ಮುಚ್ಚಿದವು, ಹೊರಗಿನಿಂದ ಹೊಸ ತಳಿ ಬರುವುದು ಬಹುಮಟ್ಟಿಗೆ ನಿಂತಿತು. ಉಳಿದದ್ದು ಹಳೆಯ ತೋಟಗಳಲ್ಲಿದ್ದ ಫ್ರೆಂಚ್, ಜರ್ಮನ್ ಗಿಡಗಳು ಮತ್ತು ಅವುಗಳ ಬೀಜ. ಫ್ಲಾಕ್ಸ್ ಹೂವಿನ ಕೊಳವೆ ಸಪೂರವಾಗಿ ಉದ್ದವಾಗಿದೆ. ಅದರೊಳಗೆ ನಾಲಿಗೆ ಇಳಿಸಬಲ್ಲವು ಮುಖ್ಯವಾಗಿ ಚಿಟ್ಟೆಗಳು ಮತ್ತು ಪತಂಗಗಳು. ಅವು ಮಾಡುವ ಪರಾಗಸ್ಪರ್ಶದಿಂದ ಹುಟ್ಟುವ ಪ್ರತಿ ಬೀಜವೂ ಹೊಸ ಬೆರಕೆ. ಚಳಿಗಾಲಕ್ಕೆ ಮುಂಚೆ ಬಿತ್ತಿ, ಹಿಮ ಕರಗಿದ ಮೇಲೆ ಎದ್ದ ಸಸಿಗಳನ್ನು ಹೂ ಬಿಡುವತನಕ ಸಾಕಿ, ಒಂದನ್ನು ಉಳಿಸಿಕೊಂಡು ಮಿಕ್ಕೆಲ್ಲವನ್ನೂ ಕಿತ್ತೆಸೆಯಬೇಕು. ಇದಕ್ಕೆ ಪ್ರಯೋಗಾಲಯ ಬೇಡ, ಕಣ್ಣು ಮತ್ತು ನಿಷ್ಠುರತೆ ಬೇಕು. ಮಾಸ್ಕೊ ಸುತ್ತಿನ ಹವ್ಯಾಸಿಗಳ ಬಳಿ ಇವೆರಡೂ ಇದ್ದವು. ಅದೇ ನಗರದಲ್ಲಿ ಅದೇ ಕಾಲದಲ್ಲಿ ಲಿಯೊನಿದ್ ಕೊಲೆಸ್ನಿಕೊವ್ ಎಂಬ ಇನ್ನೊಬ್ಬ ಹವ್ಯಾಸಿ ಲೈಲಾಕ್ ಹೂವಿನಲ್ಲಿ ಇದೇ ಕೆಲಸ ಮಾಡಿದರು. ಅವರ 'ಕ್ರಸಾವಿತ್ಸ ಮಸ್ಕ್ವಿ' ಇಂದು ಜಗತ್ತಿನಾದ್ಯಂತ ಬೆಳೆಯುವ ಲೈಲಾಕ್.

ಎಲ್ಲರೂ ಹವ್ಯಾಸಿಗಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಲಿಪೆತ್ಸ್ಕ್ ಪ್ರಾಂತದ ಸಂಶೋಧನಾ ಕೇಂದ್ರದಲ್ಲಿ ದುಡಿದ ಮಾರಿಯಾ ಬೆದಿಂಗ್‌ಹೌಸ್, ತರಕಾರಿ ತಳಿವಿಜ್ಞಾನಿಯಾಗಿದ್ದ ಕ್ವಾಸ್ನಿಕೊವ್ ಕೂಡ ಈ ಪರಂಪರೆಗೆ ಸೇರಿದವರೇ. ಆದರೂ ಅದರ ಸ್ವಭಾವವನ್ನು ರೂಪಿಸಿದ್ದು ಸಂಸ್ಥೆಗಳಲ್ಲ. ಕಾಲವನ್ನು ನೋಡಿ: 1937 ಸ್ಟಾಲಿನ್ ಕಾಲದ ಸಾಮೂಹಿಕ ಬಂಧನಗಳ ವರ್ಷ. ಮಹಾ ಸಸ್ಯವಿಜ್ಞಾನಿ ನಿಕೊಲಾಯ್ ವವಿಲೊವ್ 1940ರಲ್ಲಿ ಬಂಧನಕ್ಕೊಳಗಾಗಿ 1943ರಲ್ಲಿ ಸರಾತೊವ್ ಸೆರೆಮನೆಯಲ್ಲಿ ತೀರಿಕೊಂಡರು. 1948ರಲ್ಲಿ ತಳಿಶಾಸ್ತ್ರವನ್ನು ಅಲ್ಲಗಳೆಯುತ್ತಿದ್ದ ಲೈಸೆಂಕೊ ಬಣ ಗೆದ್ದು, ಆ ಶಾಸ್ತ್ರವೇ ಅಧಿಕೃತವಾಗಿ ನಿಷಿದ್ಧ ವಿದ್ಯೆಯಾಯಿತು. ಇಂಥ ಕಾಲದಲ್ಲಿ ಯಾವ ಸಿದ್ಧಾಂತದ ಹಂಗೂ ಇಲ್ಲದೆ ಕಣ್ಣಳತೆಯಿಂದಲೇ ಆರಿಸುವ ಹೂವಿನ ತೋಟ ಉಳಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ತಾಯಿ ಯಾವುದು, ತಂದೆ ಯಾವುದು ಎಂದು ಬರೆದಿಡುವ ಶಿಸ್ತು ಈ ಪರಂಪರೆಗೆ ಒಗ್ಗದೆ ಹೋದದ್ದಕ್ಕೂ ಬೇರು ಅಲ್ಲೇ ಇದೆ ಎಂಬುದು ನನ್ನ ಅನಿಸಿಕೆ.

ಹಾಗಾದರೆ ಈ ಕಣ್ಣು ಕಂಡದ್ದೇನು? ಪಶ್ಚಿಮ ಯುರೋಪಿನ ತಳಿಗಾರರು ಬಹುಪಾಲು ಹಗಲಿನ ಬಣ್ಣ ಹುಡುಕಿದರು: ಅಚ್ಚ ಬಿಳಿ, ಕೆಂಪು, ಕೇಸರಿಗೆ ಹತ್ತಿರದ ಗುಲಾಬಿ. ರಷ್ಯನ್ನರು ಸಂಜೆಯನ್ನು ನೋಡಿದರು. ಮಾಸ್ಕೊ ಇರುವುದು 55 ಡಿಗ್ರಿಗೂ ಉತ್ತರದ ಅಕ್ಷಾಂಶದಲ್ಲಿ. ಫ್ಲಾಕ್ಸ್ ಅರಳುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ಸೂರ್ಯ ಓರೆಯಾಗಿ ಇಳಿದು, ಮುಸ್ಸಂಜೆಯ ಬೆಳಕು ಬಹಳ ಹೊತ್ತು ತಂಗುತ್ತದೆ. ನಮ್ಮಂತೆ ಕತ್ತಲು ದಿಢೀರನೆ ಕವಿಯುವುದಿಲ್ಲ. ಬೆಳಕು ಮಂದವಾದಂತೆ ಮನುಷ್ಯನ ಕಣ್ಣಿಗೆ ಕೆಂಪು ಕಪ್ಪಾಗುತ್ತದೆ, ನೀಲಿ ಹೊಳೆಯತೊಡಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಚೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು ಗುರುತಿಸಿದರು. ಹಾಗಾಗಿ ಮಧ್ಯಾಹ್ನ ಸಾಧಾರಣ ತಿಳಿನೇರಳೆಯಾಗಿ ಕಾಣುವ 'ನೊವಿಂಕಾ' ಮುಂಜಾನೆ ಮತ್ತು ಸಂಜೆ ನೀಲಿಗೆ ತಿರುಗುತ್ತದೆ. ನಿಜವಾದ ನೀಲಿ ಫ್ಲಾಕ್ಸ್ ಪ್ಯಾನಿಕ್ಯುಲೇಟಾ ಇಲ್ಲವೇ ಇಲ್ಲ. ದಿನದ ಎರಡು ಹೊತ್ತು ನೀಲಿಯಾಗುವ ಹೂವನ್ನು ಮಾತ್ರ ಇವರು ಆರಿಸಿ ಉಳಿಸಿದರು.

ಇನ್ನೂ ದೊಡ್ಡ ಸಾಧನೆ ಹೊಗೆಬಣ್ಣದ ಫ್ಲಾಕ್ಸ್‌ಗಳು. ಎಸಳಿನ ಮೇಲೆ ಬೂದುಬೆಳ್ಳಿಯ ತೆಳು ಪರದೆ ಹರಡಿದಂತೆ ಕಾಣುವ ಈ ಗುಣ ಬೇರೆಯವರ ತೋಟದಲ್ಲೂ ಅಲ್ಲೊಂದು ಇಲ್ಲೊಂದು ಹುಟ್ಟಿರಬಹುದು. ಬಣ್ಣಗೆಟ್ಟ ಹೂ ಎಂದು ಎಸೆಯುವ ಕಡೆ ಅದನ್ನೇ ಒಂದು ವರ್ಗವಾಗಿ ಬೆಳೆಸಿದವರು ರಷ್ಯನ್ನರು. 'ದಿಮ್ಚಾತಿ ಕೊರಾಲ್'ನಲ್ಲಿ ಹವಳದ ಗುಲಾಬಿಯ ಮೇಲೆ ಹೊಗೆ. ಖಾರ್ಚೆಂಕೊ ಎಂಬ ತಳಿಗಾರರ 1968ರ 'ದ್ರಕೋನ್'ನಲ್ಲಿ ಕಡು ನೇರಳೆಗೆಂಪಿನ ಮೇಲೆ ಲೋಹದ ಹೊಳಪಿನ ಬೂದಿಗೆರೆಗಳು. ಬೆಳಕು ಬದಲಾದಂತೆ ಆ ಪರದೆ ದಟ್ಟವಾಗುತ್ತದೆ, ತೆಳುವಾಗುತ್ತದೆ. ಇಂಥ ಹೂವನ್ನು ಚಿತ್ರದಲ್ಲಿ ನೋಡಿ ಕೊಂಡವರಿಗೆ ನಿರಾಸೆ ಖಚಿತ. ಆದರೆ ಗಿಡದ ಜೊತೆ ಒಂದು ಋತು ಬದುಕಿದವರು ಅದನ್ನು ಬಿಟ್ಟುಕೊಡುವುದಿಲ್ಲ. ಉದ್ಯಾನ ಪುಷ್ಪಗಳ ಇತಿಹಾಸಕ್ಕೆ ಈ ಪರಂಪರೆಯ ಸ್ವಂತ ಕಾಣಿಕೆ ಇದು. ಇದಕ್ಕಾಗಿಯೇ ಅದನ್ನು ಮೊದಲ ಸಾಲಿನಲ್ಲಿ ಕೂರಿಸಬೇಕು.

ಗಿಡದ ಗಾತ್ರವನ್ನು ನಿರ್ಧರಿಸಿದ್ದು ಜಾಗ. ಯುದ್ಧಾನಂತರ, ವಿಶೇಷವಾಗಿ 1949ರ ಸರ್ಕಾರಿ ನಿರ್ಣಯದ ಮೇಲೆ, ಕಾರ್ಮಿಕರಿಗೂ ನೌಕರರಿಗೂ ತೋಟದ ತುಂಡುಗಳು ಸಿಕ್ಕವು. ಆರು ನೂರು ಚದರ ಮೀಟರ್ ಎಂಬುದು ಕ್ರಮೇಣ ರೂಢಿಯ ಅಳತೆಯಾಯಿತು. ಅದರಲ್ಲಿ ಆಲೂಗಡ್ಡೆ, ಸೇಬು, ಕರಂಟ್ ಹಣ್ಣಿನ ಪೊದೆ ಎಲ್ಲ ಆಗಿ ಮಿಕ್ಕ ಅಂಚಿನಲ್ಲಿ ಹೂ. ಆಧಾರದ ಕೋಲು ಕೇಳದ ಗಿಡ್ಡ ಕಾಂಡ, ದೊಡ್ಡ ಹೂ, ಹಿಮ ತಡೆಯುವ ಬುಡ ಇದ್ದರೆ ಮಾತ್ರ ಆ ತೋಟದಲ್ಲಿ ಜಾಗ. 'ಉಸ್ಪೆಖ್' ಗೆದ್ದದ್ದು ಬಣ್ಣದಿಂದ ಮಾತ್ರವಲ್ಲ. 1963ರಲ್ಲಿ ಪ್ರಕಟವಾದ ಗಗಾನೊವ್ ಅವರ ಬಹುವಾರ್ಷಿಕ ಫ್ಲಾಕ್ಸ್‌ಗಳ ಪುಸ್ತಕ ಈ ತೋಟಗಾರರ ಕೈಪಿಡಿಯಾಯಿತು.

ಇಷ್ಟು ಹೊಗಳಿದ ಮೇಲೆ ಕೊರತೆಗಳನ್ನು ಮೆದುವಾಗಿ ಹೇಳುವುದು ಸರಿಯಲ್ಲ. ಮಾರುಕಟ್ಟೆ ಇಲ್ಲದ ಕಾಲದಲ್ಲಿ ತಳಿಗಳು ಕೈಯಿಂದ ಕೈಗೆ ಹೋದವು. ಬುಡ ಒಡೆದು ಕೊಟ್ಟರು, ಕಾಂಡದ ತುಂಡು ಕೊಟ್ಟರು, ಹೆಸರನ್ನು ಬಾಯಲ್ಲಿ ಹೇಳಿ ಕಳಿಸಿದರು. ಸಂಗೀತದಲ್ಲಿ ಒಂದೇ ಕೃತಿಗೆ ಹಲವು ಪಾಠಾಂತರಗಳಿದ್ದರೆ ಅದು ಸಂಪತ್ತು. ತಳಿಯಲ್ಲಿ ಹಾಗಲ್ಲ. ಒಂದೇ ಹೆಸರಿನಲ್ಲಿ ಎರಡು ಗಿಡ, ಒಂದೇ ಗಿಡಕ್ಕೆ ಎರಡು ಹೆಸರು ಬಂದರೆ ತಳಿಗಾರನ ದುಡಿಮೆಯೇ ಅಳಿಸಿಹೋಗುತ್ತದೆ. ಫ್ಲಾಕ್ಸ್ ಕಾಯಿ ಒಣಗಿ ಸಿಡಿದು ಬೀಜ ಚೆಲ್ಲುತ್ತದೆ. ಬಾಡಿದ ಗೊಂಚಲನ್ನು ಕತ್ತರಿಸದಿದ್ದರೆ ತಾಯಿಯ ಬುಡದಲ್ಲೇ ಹೊಸ ಸಸಿಗಳು ಎದ್ದು, ಕೆಲವೇ ವರ್ಷಗಳಲ್ಲಿ ಮೂಲವನ್ನು ನುಂಗಿಬಿಡುತ್ತವೆ. ಹಳೆಯ ತಳಿಗಳೆಂದು ಹಂಚಿಹೋದವುಗಳಲ್ಲಿ ಇಂಥ ಮೊಮ್ಮಕ್ಕಳು ಸೇರಿಕೊಳ್ಳುವುದು ಹೀಗೆ.

1991ರ ನಂತರ ಡಚ್, ಜರ್ಮನ್ ಗಿಡಗಳು ಪ್ರವಾಹದಂತೆ ಒಳಬಂದವು. ಜೊತೆಗೇ ಸ್ಥಳೀಯ ತಳಿಗಾರರ ಸಂಖ್ಯೆಯೂ ಬೆಳೆಯಿತು, ಸಂಗ್ರಹದ ಹುಚ್ಚೂ ಏರಿತು. ನನ್ನ ಮುಖ್ಯ ತಕರಾರು ಇರುವುದು ಇಲ್ಲಿ. ಸಂಗ್ರಾಹಕನಿಗೆ ಹೊಸ ಹೆಸರು ಬೇಕು, ತೋಟಕ್ಕೆ ಒಳ್ಳೆಯ ಗಿಡ ಬೇಕು. ಎರಡರ ನಡುವೆ ಮೊದಲನೆಯದೇ ಗೆದ್ದರೆ, ತಿಳಿಗುಲಾಬಿಗೂ ಇನ್ನೊಂದು ತಿಳಿಗುಲಾಬಿಗೂ ಇರುವ ಕೂದಲೆಳೆಯ ವ್ಯತ್ಯಾಸಕ್ಕೆ ಹೆಸರು ಸಿಗುತ್ತದೆ. ಪ್ರದರ್ಶನದ ಮೇಜಿನ ಮೇಲೆ ಹೂಜಿಯಲ್ಲಿಟ್ಟ ಗೊಂಚಲಿಗೆ ಬಹುಮಾನ ಕೊಡುವ ಪದ್ಧತಿಯೂ ಇದಕ್ಕೆ ಕಾರಣ. ಹೂಜಿಯಲ್ಲಿ ಎಲೆಯ ಆರೋಗ್ಯ ಕಾಣುವುದಿಲ್ಲ, ಮಳೆಗೆ ಗೊಂಚಲು ಬಾಗುತ್ತದೆಯೇ ಎಂಬುದು ಕಾಣುವುದಿಲ್ಲ, ಐದನೆಯ ವರ್ಷದ ಬುಡ ಹೇಗಿದೆ ಎಂಬುದಂತೂ ಕಾಣುವುದೇ ಇಲ್ಲ.

ಗಿಡದ ಬಾಳು ನಿಂತಿರುವುದು ಅಂಥ ಸಂಗತಿಗಳ ಮೇಲೆಯೇ. ಫ್ಲಾಕ್ಸ್ ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಸಡಿಲವಾದ, ಕಳಿತ ಗೊಬ್ಬರ ತುಂಬಿದ ಮಣ್ಣು ಬೇಕು, ತೇವ ಆರದಂತೆ ಹೊದಿಕೆ ಬೇಕು. ನೀರು ತಪ್ಪಿದರೆ ಕೆಳಗಿನ ಎಲೆಗಳು ಒಣಗುತ್ತವೆ. ಗಾಳಿಯಾಡದೆ ಇಕ್ಕಟ್ಟಾದರೆ ಬೂದಿರೋಗ. ಕಾಂಡದೊಳಗೆ ಸೇರುವ ನೆಮಟೋಡ್ ಎಂಬ ಕಣ್ಣಿಗೆ ಕಾಣದ ಜಂತುಹುಳು ಇವೆಲ್ಲಕ್ಕಿಂತ ಕ್ರೂರಿ: ಕಾಂಡ ಊದಿ, ತುದಿಯ ಎಲೆಗಳು ದಾರದಂತೆ ಸಪೂರವಾಗಿ ಸುರುಟಿಕೊಳ್ಳುತ್ತವೆ. ಬುಡ ಒಡೆದು ಹಂಚಿದಾಗ ಹುಳುವೂ ಹಂಚಿಹೋಗುತ್ತದೆ. ಅದು ಬೇರಿನಲ್ಲಿ ನೆಲೆಸುವುದಿಲ್ಲವಾದ್ದರಿಂದ ಬೇರಿನ ತುಂಡಿನಿಂದ ಶುದ್ಧ ಗಿಡ ಎಬ್ಬಿಸಬಹುದು. ನೂರು ಹೊಸ ತಳಿಗಿಂತ ಹತ್ತು ಹಳೆಯ ತಳಿಗಳ ಶುದ್ಧ ಗಿಡ ಎಬ್ಬಿಸಿಕೊಟ್ಟವರು ಈ ಪರಂಪರೆಗೆ ಹೆಚ್ಚು ಉಪಕಾರ ಮಾಡಿದಂತೆ.

ಗಗಾನೊವ್ ಅವರ ಮೂರು ತಳಿಗಳ ಪಕ್ಕದಲ್ಲಿ ನೆಟ್ಟು ಐದು ವರ್ಷ ನೋಡಿದ ಮೇಲೂ ಇದು ಬೇಕು ಅನ್ನಿಸದ ಹೊಸ ಸಸಿಗೆ ಹೆಸರು ಕೊಡಬಾರದು. ಈ ಅಳತೆಗೋಲು ಹಿಡಿದರೆ ಇಂದಿನ ಪಟ್ಟಿಗಳ ದೊಡ್ಡ ಪಾಲು ಉದುರುತ್ತದೆ. ಹೊಗೆಬಣ್ಣದವು, ಸಂಜೆನೀಲಿಯವು ಉಳಿಯುತ್ತವೆ. ಕರ್ನಾಟಕದ ಬಯಲಿನಲ್ಲಿ ಈ ಗಿಡಕ್ಕೆ ಬೇಕಾದ ಚಳಿ ಇಲ್ಲ, ಇಲ್ಲಿ ಪ್ರಯತ್ನಿಸುವುದು ವ್ಯರ್ಥ. ಆದರೆ ಜರ್ಮನಿ, ಬ್ರಿಟನ್, ಕೆನಡಾಗಳಲ್ಲಿ ಮನೆ ಮಾಡಿ ಅಂಗಳದಲ್ಲಿ ನಾಲ್ಕು ಗಿಡ ನೆಡುವ ಕನ್ನಡಿಗರು ಕಡಿಮೆಯಿಲ್ಲ. ಅವರಲ್ಲಿ ಒಂದು ಕೋರಿಕೆ: ರಷ್ಯದ ಫ್ಲಾಕ್ಸ್ ಕೊಳ್ಳುವಾಗ ತಳಿಯ ಮೂಲ ಹೆಸರು ಮತ್ತು ತಳಿಗಾರರ ಹೆಸರು ಎರಡನ್ನೂ ಕೇಳಿ, ಬರೆದಿಡಿ. ನೀವು ಇನ್ನೊಬ್ಬರಿಗೆ ಗಿಡ ಕೊಡುವಾಗ ಆ ಚೀಟಿಯನ್ನೂ ಕೊಡಿ.